ಬಲಗಡೆ ಸ್ಪೀಕರಿನ ಕುಂಕುಮ

ಆ ಹೋಟೆಲಿನ ಮೇಲಿನ ಮಹಡಿಯಲ್ಲಿ ಕೋಣೆಕೋಣೆಯ ಮಂಚ, ಹಾಸಿಗೆಗಳನ್ನೆಲ್ಲ ತೆಗೆಸಿ ಸ್ಪೀಕರುಗಳನ್ನು ನಿಲ್ಲಿಸಿದ್ದರು. ಕೆಲವು ನನ್ನ ಎದೆಯವರೆಗೆ ಬರುತ್ತಿದ್ದವು, ಒಂದು ಜೊತೆಯಂತೂ ನನಗಿಂತ ಎತ್ತರ. ಕಾರಿಡಾರಿನಲ್ಲಿ ನಡೆಯುತ್ತಿದ್ದರೆ ಒಂದು ಬಾಗಿಲಿನಿಂದ ಡ್ರಮ್ಮು, ಇನ್ನೊಂದರಿಂದ ಗಾಜು ಒಡೆಯುವ ಸದ್ದು, ಮತ್ತೊಂದರಿಂದ ನಿಧಾನವಾಗಿ ಹಾಡುವ ಯಾರೋ ವಿದೇಶಿ ಹೆಂಗಸಿನ ದನಿ. ದಸರಾ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ಮೈಸೂರಿನಲ್ಲಿ ಆಡಿಯೊ ಶೋ ನಡೆಯುವುದೇ ಅಪರೂಪ, ಇಂಥದ್ದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕು. ಹಾಗಾಗಿ ನನ್ನ ಸ್ನೇಹಿತರಾದ ಡಾಕ್ಟರು ಬೆಳಿಗ್ಗೆಯೇ ಫೋನು ಮಾಡಿ, "ಮೇಷ್ಟ್ರೇ, ತಿಂಡಿ ಮುಗಿಸಿ ರೆಡಿಯಾಗಿರಿ, ಕಾರು ತರ್ತೀನಿ" ಅಂದಿದ್ದರು.

ಡಾಕ್ಟರದು ಒಂಟಿಕೊಪ್ಪಲಿನ ಹಳೆಯ ಮನೆ. ತಾತ ಅರಮನೆಯ ನೌಕರಿಯಲ್ಲಿದ್ದವರು, ಅಪ್ಪ ವಕೀಲರು. ಅವರ ಮನೆಯ ಹಜಾರದಲ್ಲಿ ಹಿಂದೆ ದೊಡ್ಡ ದೊಡ್ಡ ವಿದ್ವಾಂಸರು ಬಂದು ಕೂತು ಹಾಡುತ್ತಿದ್ದರಂತೆ. ಹಾಗೆ ಒಬ್ಬರು ಹಾಡಿದ್ದನ್ನು ಅವರ ಅಪ್ಪ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಡಾಕ್ಟರು ಅದನ್ನು ಸಿ.ಡಿ.ಗೆ ಹಾಕಿಸಿ ನನಗೂ ಒಂದು ಕೊಟ್ಟಿದ್ದಾರೆ. ಒಂದೇ ಮೈಕು ಇಟ್ಟು ಮಾಡಿದ ರೆಕಾರ್ಡಿಂಗು ಅದು. ಹಾಡುವವರ ದನಿ, ಪಿಟೀಲು, ಮೃದಂಗ, ಎಲ್ಲಕ್ಕೂ ಹಿಂದೆ ತಂಬೂರಿ. ನಡುವೆ ಒಂದು ಕಡೆ ಡಾಕ್ಟರ ತಾತ ಕೆಮ್ಮುತ್ತಾರೆ. ಆ ಸಿ.ಡಿ.ಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಕೆಮ್ಮು ತಾಳದ ಯಾವ ಪೆಟ್ಟಿನ ಮೇಲೆ ಬರುತ್ತದೆ ಅಂತ ತೊಡೆ ತಟ್ಟಿ ತೋರಿಸಬಲ್ಲೆ.

ನನ್ನ ಕಥೆ ಬೇರೆ. ನಾನು ಹುಟ್ಟಿದ್ದು ದೇವರಾಜ ಮೊಹಲ್ಲಾದ ಒಂದು ವಠಾರದಲ್ಲಿ. ಅಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಅವ್ವ ಊದುಬತ್ತಿ ಹೊಸೆಯುತ್ತಿದ್ದಳು. ನಮ್ಮ ಕಡೆ ಡಿಗ್ರಿ ತೆಗೆದುಕೊಂಡವನು ನಾನೇ ಮೊದಲು, ಅದೂ ಫಿಸಿಕ್ಸಿನಲ್ಲಿ. ಆಮೇಲೆ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ನಿವೃತ್ತನಾದೆ. ಇದನ್ನು ನಾನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ. ಹೇಳಬಾರದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ತಾತನ ಕಾಲದಿಂದ ಬಂದದ್ದನ್ನು ಜನ ಸುಮ್ಮನೆ ಇಟ್ಟುಕೊಳ್ಳಬಹುದು. ಕೈಯಾರೆ ಸಂಪಾದಿಸಿದ್ದನ್ನು ನಾಲ್ಕು ಜನಕ್ಕೆ ತೋರಿಸದೆ ಇರೋದು ಹೇಗೆ?

ಒಂದು ಕೋಣೆಯೊಳಕ್ಕೆ ಹೋದೆವು. ಮೂವತ್ತರ ಆಸುಪಾಸಿನ ಒಬ್ಬ ಡೀಲರು, ಬೆಂಗಳೂರಿನವನು, ನಮ್ಮನ್ನು ಬಹಳ ಮರ್ಯಾದೆಯಿಂದ ಬರಮಾಡಿಕೊಂಡ. ನಡುವೆ ಹಾಕಿದ್ದ ಒಂದೇ ಕುರ್ಚಿಗೆ ನನ್ನನ್ನು ಕೂರಿಸಿದ.

"ಇಲ್ಲೇ ಕೂತ್ಕೊಳ್ಳಿ ಸಾರ್. ಎರಡೂ ಸ್ಪೀಕರಿಂದ ಒಂದೇ ದೂರ. ಒಂದಿಂಚು ಆ ಕಡೆ ಈ ಕಡೆ ಆದ್ರೂ ಮಜಾ ಹೋಗುತ್ತೆ."

ಹಾಡು ಹಾಕಿದ. ಒಂದು ನಿಮಿಷ ಆಗುವಷ್ಟರಲ್ಲಿ ನಿಲ್ಲಿಸಿ ಇನ್ನೊಂದು. "ಇದ್ರಲ್ಲಿ ಬಾಸ್ ನೋಡಿ ಸಾರ್." ನೋಡಿದೆ. ನನ್ನ ಅಂಗಿಯ ಜೇಬು ಅದುರಿತು. "ಇದ್ರಲ್ಲಿ ರೈಲು ಎಡದಿಂದ ಬಲಕ್ಕೆ ಹೋಗುತ್ತೆ ನೋಡಿ." ಹೋಯಿತು. ಹಿಂದೆ ನಿಂತಿದ್ದ ಡಾಕ್ಟರು ನನ್ನ ಭುಜದ ಮೇಲೆ ಕೈಯಿಟ್ಟು, "ಬಿ.ಪಿ. ಮಾತ್ರೆ ತಗೊಂಡಿದೀರಾ ತಾನೆ ಮೇಷ್ಟ್ರೇ?" ಅಂದರು.

ಸುಳ್ಳು ಯಾಕೆ ಹೇಳಲಿ, ಸದ್ದು ಬಹಳ ಚೆನ್ನಾಗಿತ್ತು. ಅಷ್ಟು ಆಳದ, ಅಷ್ಟು ಬಿಗಿಯಾದ ಸದ್ದನ್ನು ನಾನು ಯಾವ ಮನೆಯಲ್ಲೂ ಕೇಳಿಲ್ಲ. ಆದರೆ ಒಂದು ವಿಷಯ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಾವು ಮನೆಯಲ್ಲಿ ಹಾಡು ಕೇಳುವುದಕ್ಕೆ ಸೆಟ್ಟು ಇಟ್ಟುಕೊಂಡಿರುತ್ತೇವೆ. ಇವರು ಸೆಟ್ಟು ಕೇಳಿಸುವುದಕ್ಕೆ ಹಾಡು ಇಟ್ಟುಕೊಂಡಿದ್ದರು. ಯಾವ ಹಾಡಿಗೆ ತಮ್ಮ ಪೆಟ್ಟಿಗೆ ಚೆನ್ನಾಗಿ ಕುಣಿಯುತ್ತದೋ ಅದನ್ನೇ ಆರಿಸಿ ತಂದಿದ್ದರು. ಹೆಣ್ಣು ನೋಡೋಕೆ ಬಂದವರ ಮುಂದೆ ಒಂದೇ ಹಾಡು ಕಲಿತು ಹಾಡಿದ ಹಾಗೆ.

ಡಾಕ್ಟರು ಜೇಬಿನಿಂದ ತಮ್ಮ ಸಿ.ಡಿ. ತೆಗೆದರು.

ಡೀಲರು ಅದರ ಮೇಲೆ ಬರೆದದ್ದನ್ನು ಓದಿ ಮುಖ ಸಣ್ಣಗೆ ಮಾಡಿದ. "ಇದು ಹಳೇ ಮೋನೋ ರೆಕಾರ್ಡಿಂಗ್ ಸಾರ್. ಇದನ್ನ ಹಾಕಿದ್ರೆ ಸಿಸ್ಟಮ್‌ಗೆ ನ್ಯಾಯ ಸಿಗಲ್ಲ."

"ಸಿಸ್ಟಮ್‌ಗೆ ಬೇಡ ಕಣ್ರೀ, ನಮ್ಮ ತಾತಂಗೆ ಸಿಕ್ಕರೆ ಸಾಕು," ಅಂದರು ಡಾಕ್ಟರು.

ಹಾಕಿದ. ಮೋನೋ ಅಂದರೆ ಎರಡು ಸ್ಪೀಕರಿನಲ್ಲೂ ಒಂದೇ ಸದ್ದು ಬರುವುದು. ಹಾಗೆ ಬಂದಾಗ, ಸೆಟ್ಟು ಸರಿಯಾಗಿದ್ದರೆ, ಹಾಡುವವರು ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಕೂತು ಹಾಡಿದ ಹಾಗೆ ಕೇಳಿಸಬೇಕು. ಅಲ್ಲಿ ಹಾಗೇ ಕೇಳಿಸಿತು. ದನಿ ನಟ್ಟ ನಡುವೆ ಕಂಬದ ಹಾಗೆ ನಿಂತಿತು. ಪಿಟೀಲಿನ ಬಿಲ್ಲು ತಂತಿಯ ಮೇಲೆ ಉಜ್ಜುವುದು ಕೂಡ ಬಿಡಿಬಿಡಿಯಾಗಿ ಕೇಳಿತು. ತಾತ ಕೆಮ್ಮಿದಾಗ ಡಾಕ್ಟರು ನೆಟ್ಟಗೆ ನಿಂತುಕೊಂಡರು, ತಾತನೇ ಎದುರಿಗೆ ಬಂದುಬಿಟ್ಟರು ಅನ್ನುವ ಹಾಗೆ.

ಆದರೆ ತಂಬೂರಿ ಇರಲಿಲ್ಲ. ಹುಡುಕಿದೆ. ಎ.ಸಿ. ಗುಂಯ್ ಅನ್ನುತ್ತಿತ್ತು, ಪಕ್ಕದ ಕೋಣೆಯ ಡ್ರಮ್ಮು ಗೋಡೆ ದಾಟಿ ಬರುತ್ತಿತ್ತು. ತಂಬೂರಿ ಮಾತ್ರ ಇಲ್ಲ.

ನನ್ನ ಬಾಯಿ ಸುಮ್ಮನಿರಲಿಲ್ಲ. "ತಂಬೂರೀನ ಎಲ್ಲಿ ಬಿಟ್ರಿ? ನಮ್ಮನೇಲಿ ಇದಕ್ಕಿಂತ ಚೆನ್ನಾಗಿ ಕೇಳ್ಸುತ್ತೆ ಕಣ್ರೀ."

ಕೋಣೆಯಲ್ಲಿ ಇನ್ನೂ ಕೆಲವರಿದ್ದರು. ಎಲ್ಲ ತಿರುಗಿ ನೋಡಿದರು.

"ನಿಮ್ಮನೇಲಿ ಯಾವ ಸಿಸ್ಟಮ್ ಸಾರ್?" ಅಂದ ಡೀಲರು.

"ಯಾವ ಕಂಪ್ನೀದೂ ಅಲ್ಲ. ನಾನೇ ಮಾಡಿದ್ದು."

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಡೀಲರು ನಗಲಿಲ್ಲ. "ಭಾನುವಾರ ಬೆಳಿಗ್ಗೆ ನಾನು ಬೆಂಗಳೂರಿಗೆ ವಾಪಸ್ ಹೊರಡೋದು ಸಾರ್. ಅದಕ್ಕೆ ಮುಂಚೆ ಬಂದು ಕೇಳ್ಲಾ? ತಮಾಷೆಗಲ್ಲ, ನಿಜವಾಗ್ಲೂ."

"ಬನ್ನಿ," ಅಂದೆ.

"ನಾನೇ ಕರ್ಕೊಂಡು ಹೋಗ್ತೀನಿ," ಅಂದರು ಡಾಕ್ಟರು. "ಸಿಕ್ಕಿಹಾಕ್ಕೊಂಡ್ರು ನಮ್ಮ ಮೇಷ್ಟ್ರು."

ಡಾಕ್ಟರು ನಗುತ್ತಲೇ ಹೇಳಿದರು, ಆದರೆ ನಾನು ನಿಜವಾಗಿಯೂ ಸಿಕ್ಕಿಹಾಕಿಕೊಂಡಿದ್ದೆ. ಯಾಕೆಂದರೆ ಇಷ್ಟು ವರ್ಷದ ಸ್ನೇಹದಲ್ಲಿ ಅವರು ನಮ್ಮ ಮನೆಯಲ್ಲಿ ಕೂತು ಸಂಗೀತ ಕೇಳಿದ್ದೇ ಇಲ್ಲ. ಬಂದಿದ್ದಾರೆ, ಕಾಫಿ ಕುಡಿದಿದ್ದಾರೆ, ಅವ್ವನ ಮಂಡಿನೋವಿಗೆ ಔಷಧಿ ಬರೆದುಕೊಟ್ಟಿದ್ದಾರೆ. ಆದರೆ ಕೇಳುವುದು ಅಂದರೆ ಅವರ ಮನೆ. ಭಾನುವಾರ ಬೆಳಿಗ್ಗೆ ನಾನು ಸ್ಕೂಟರು ಹತ್ತಿ ಒಂಟಿಕೊಪ್ಪಲಿಗೆ ಹೋಗುವುದು, ಆ ಹಜಾರದಲ್ಲಿ ಕೂರುವುದು. ಯಾರೂ ಮಾಡಿದ ನಿಯಮವಲ್ಲ, ಹಾಗೇ ನಡೆದುಬಂದಿತ್ತು. ಅವರು ಕರೆಯುತ್ತಿದ್ದರು, ನಾನು ಹೋಗುತ್ತಿದ್ದೆ. ನಾನು ಕರೆದಿರಲಿಲ್ಲ. ಈಗ ಕರೆದಾಗಿತ್ತು, ಅದೂ ಹತ್ತು ಜನರ ಎದುರಿಗೆ.

ದಟ್ಟಗಳ್ಳಿಯ ನಮ್ಮ ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಹೇಳ್ಕೊಂಡ್ರಾ ಅಲ್ಲೂ?" ಅಂದಳು. "ಒಂದಿನಾನೂ ಬಾಯಿ ಮುಚ್ಕೊಂಡು ಬರಲ್ವಲ್ರೀ ನೀವು. ಉಪ್ಪಿಟ್ಟು ಮಾಡ್ಲೋ ಇಡ್ಲಿ ಮಾಡ್ಲೋ?"

ಆ ಸೆಟ್ಟಿನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ವಠಾರದಲ್ಲಿ ರೇಡಿಯೊ ಇರಲಿಲ್ಲ. ಸಂಗೀತ ಅಂದರೆ ಗಣಪತಿ ಹಬ್ಬದ ಪೆಂಡಾಲಿನ ಕಛೇರಿಗಳು. ಕುರ್ಚಿಗಳಲ್ಲಿ ಕೂರುವವರು ಕೂರುತ್ತಿದ್ದರು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ರಸ್ತೆಯ ಆಚೆ ಬದಿಯ ಕಾಂಪೌಂಡಿನ ಮೇಲೆ ಕೂರಿಸುತ್ತಿದ್ದ. ಅಲ್ಲಿಗೆ ಬರುತ್ತಿದ್ದದ್ದು ಮರಕ್ಕೆ ಕಟ್ಟಿದ ಕೊಳವೆ ಸ್ಪೀಕರಿನ ಸದ್ದು. ಗೀರುಗೀರಾದ, ತಗಡಿನ ವಾಸನೆಯ ಸದ್ದು. ಅದರಲ್ಲೇ ನಾನು ಕೇಳುವುದನ್ನು ಕಲಿತೆ. ಅಪ್ಪನಿಗೆ ರಾಗದ ಹೆಸರು ಒಂದೂ ಗೊತ್ತಿರಲಿಲ್ಲ. ಆದರೆ ಚೆನ್ನಾಗಿ ಹಾಡುವವರು ಬಂದ ದಿನ ಬೀಡಿ ಹಚ್ಚುವುದನ್ನು ಮರೆಯುತ್ತಿದ್ದ.

ಕೆಲಸ ಸಿಕ್ಕ ಮೇಲೆ ಬಿಡುವಿನ ದಿನಗಳಲ್ಲಿ ಕೂತು ಆಂಪ್ಲಿಫೈಯರನ್ನು ನಾನೇ ಬೆಸೆದೆ. ಮೊದಲನೆಯದು ಹಾಕಿದ ಕೂಡಲೆ ಫ್ಯೂಸು ಹಾರಿ ಇಡೀ ಕಟ್ಟಡ ಕತ್ತಲಾಯಿತು, ಕೆಳಗಿನ ಮನೆಯವರು ಬಂದು ಬೈದರು. ಎರಡನೆಯದು ಹಾಡಿತು. ಸ್ಪೀಕರುಗಳನ್ನು ಬೆಂಗಳೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಬಡಗಿಯೊಬ್ಬರ ಜೊತೆ ಕೂತು ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಅದರ ಹಿಂಬದಿಗೆ ಎರಡು ಹಲಗೆ ಹಾಕಿ ನಡುವೆ ಮರಳು ತುಂಬಿದೆ, ಪೆಟ್ಟಿಗೆ ತಾನೇ ಗುಂಯ್ ಅನ್ನದಿರಲಿ ಅಂತ. ಹೆಂಡತಿ ತನ್ನ ಹಳೆಯ ವಾಯಿಲ್ ಸೀರೆ ಕತ್ತರಿಸಿ ಮುಂದಕ್ಕೆ ಪರದೆ ಹೊಲಿದಳು. ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸುವಾಗ, ಟೀವಿ ಎಲ್ಲಿಡೋದು ಅಂತ ಎಲ್ಲರೂ ಕೇಳಿದರೆ ನಾನು ಮೊದಲು ಗೋಡೆಯ ಮೇಲೆ ಗುರುತು ಹಾಕಿಸಿದ್ದು ಈ ಪೆಟ್ಟಿಗೆಗಳಿಗೆ.

ಡೀಲರು ಒಂದೇ ದೂರ ಅಂದ ಮಾತು ತಲೆಯಲ್ಲಿತ್ತು. ಮಾರನೆಯ ದಿನ, ಶನಿವಾರ ಬೆಳಿಗ್ಗೆ ಟೇಪು ಹಿಡಿದು ನನ್ನ ಕುರ್ಚಿಯಿಂದ ಎರಡು ಪೆಟ್ಟಿಗೆಗೂ ಅಳೆದೆ. ಕುರ್ಚಿ ಬಲಕ್ಕೆ ಸರಿದಿತ್ತು. ಸ್ವಲ್ಪವಲ್ಲ, ಒಂದು ಮೊಳ. ಮನೆಗೆ ಬಂದ ವರ್ಷ ನಡುವೆಯೇ ಇಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಯಾರು ಸರಿಸಿದರು? ಕೆಲಸದವಳು ನೆಲ ಒರೆಸುವಾಗ ತಳ್ಳಿರಬೇಕು ಅಂದುಕೊಂಡು ಎಳೆದು ನಡುವೆ ಹಾಕಿದೆ. ಡಾಕ್ಟರ ಸಿ.ಡಿ. ಹಾಕಿ ಕೂತೆ.

ದನಿ ನಡುವೆ ನಿಲ್ಲಲಿಲ್ಲ, ಎಡಕ್ಕೆ ವಾಲಿತು.

ಗಾಬರಿಯಾಯಿತು. ಕಿವಿಯೇ ಕೆಟ್ಟಿದೆಯೋ ಅಂತ ಪೆಟ್ಟಿಗೆಗಳಿಗೆ ಬೆನ್ನು ಹಾಕಿ ಕೂತೆ. ಆಗ ದನಿ ಅದೇ ಪೆಟ್ಟಿಗೆಯಿಂದ, ನನ್ನ ಬಲಗಿವಿಯ ಕಡೆ ಬಂತು, ಅಂದರೆ ಕಿವಿ ಸರಿಯಾಗಿದೆ. ಆಂಪ್ಲಿಫೈಯರಿನ ಹಿಂದೆ ತಂತಿಗಳನ್ನು ಅದಲುಬದಲು ಮಾಡಿದೆ. ದನಿ ಮೊದಲಿದ್ದ ಪೆಟ್ಟಿಗೆಯ ಕಡೆಗೇ ವಾಲಿ ನಿಂತಿತ್ತು. ಅಂದರೆ ಆಂಪ್ಲಿಫೈಯರಿನ ತಪ್ಪಲ್ಲ, ಬಲಗಡೆ ಪೆಟ್ಟಿಗೆಯದೇ. ಕುರ್ಚಿಯನ್ನು ಮತ್ತೆ ಹಳೆಯ ಜಾಗಕ್ಕೆ ಎಳೆದು ಕೂತೆ. ದನಿ ನಟ್ಟ ನಡುವೆ!

ಆಗ ಅರ್ಥವಾಯಿತು, ಕುರ್ಚಿ ಸರಿಸಿದವನು ನಾನೇ. ಬಲಗಡೆ ಪೆಟ್ಟಿಗೆ ವರ್ಷವರ್ಷಕ್ಕೂ ಮಂಕಾಗುತ್ತಾ ಬಂದಿದೆ, ನಾನು ಗೊತ್ತಿಲ್ಲದೆಯೇ ವರ್ಷವರ್ಷಕ್ಕೂ ಅದರ ಹತ್ತಿರ ಹತ್ತಿರ ಹೋಗಿದ್ದೇನೆ, ದನಿ ಉಡುಗಿದ ಮುದುಕರ ಪಕ್ಕಕ್ಕೆ ಜರುಗಿ ಕೂರುವ ಹಾಗೆ.

ಬಲಗಡೆ ಪರದೆ ಕಿತ್ತೆ. ಸ್ಪೀಕರು ಪೆಟ್ಟಿಗೆಯ ಮೇಲ್ಭಾಗದಲ್ಲಿ ಟ್ವೀಟರು ಅಂತ ಒಂದು ಸಣ್ಣದಿರುತ್ತದೆ. ಮೇಲಿನ ಸ್ವರಗಳೆಲ್ಲ ಬರುವುದು ಅದರಿಂದ. ಅದರ ನಡುವೆ ರೂಪಾಯಿ ಬಿಲ್ಲೆಯಷ್ಟಗಲದ, ತೆಳು ರೇಷ್ಮೆ ಬಟ್ಟೆಯ ಗುಮ್ಮಟ. ಉಸಿರು ತಾಗಿದರೂ ಅಲುಗಬೇಕು, ಅಷ್ಟು ಹಗುರ. ನಮ್ಮ ಟ್ವೀಟರಿನ ಆ ಗುಮ್ಮಟದ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ಗಂಧ, ಮತ್ತೆ ಕುಂಕುಮ. ಒಣಗಿ ಪದರಪದರವಾಗಿ, ಗೋಪುರದ ಕಳಶದ ಹಾಗೆ ಎದ್ದು ನಿಂತಿತ್ತು.

ಆಯುಧಪೂಜೆ!

ಆವತ್ತು ನಾನು ಹೊರಗೆ ಸ್ಕೂಟರು ತೊಳೆಯುತ್ತಿರುತ್ತೇನೆ. ಅವ್ವ ಒಳಗೆ ಈಳಿಗೆಮಣೆ, ಹೊಲಿಗೆ ಮಿಷನ್ನು, ಮಿಕ್ಸಿಗಳಿಗೆಲ್ಲ ಪೂಜೆ ಮಾಡುತ್ತಾಳೆ. ಸ್ಪೀಕರು ಪೆಟ್ಟಿಗೆಯ ನೆತ್ತಿಯ ಮೇಲೆ ಬೊಟ್ಟಿರುವುದನ್ನು ನಾನೂ ನೋಡಿದ್ದೆ. ಪರದೆಯ ಒಳಗೂ ಕೈ ಹೋಗಿದೆ ಅಂತ ಯಾರಿಗೆ ಗೊತ್ತು?

ಅವ್ವ ಅಡುಗೆಮನೆ ಬಾಗಿಲ ಹತ್ತಿರ ಮಣೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಅವ್ವ, ಇದಕ್ಕೆ ಕುಂಕುಮ ಇಟ್ಟಿದ್ದು ನೀನಾ?"

"ನಾನಲ್ದೆ ಇನ್ಯಾರ್ಲಾ? ನಿನ್ ಎಂಡ್ತಿಗೆ ಅದುಕ್ಕೆಲ್ಲಿ ಪುರ್ಸೊತ್ತು."

"ಕೇಳಿಸ್ತು ಅತ್ತೆ," ಅಂತ ಒಳಗಿನಿಂದ ನನ್ನ ಹೆಂಡತಿ.

"ಪೆಟ್ಟಿಗೆ ಮೇಲೆ ಇಟ್ಟಿದ್ದೀಯಲ್ಲ, ಸಾಲದಾ? ಬಟ್ಟೆ ತೆಗೆದು ಒಳಗೆ ಯಾಕವ್ವ ಇಟ್ಟೆ?"

"ಅಣೆ ಇರಾದು ಅಲ್ಲಿ ಅಲ್ವೇನ್ಲಾ? ಮುಸುಕು ಆಕ್ಕೊಂಡಿರೋ ಮೊಕಕ್ಕೆ ಎಂಗೆ ಬೊಟ್ಟು ಇಡಾದು?"

"ಮತ್ತೆ ಎಡಗಡೆದಕ್ಕೆ ಯಾಕಿಲ್ಲ?"

"ಅದ್ರ ಮುಂದೆ ನಿನ್ ಪುಸ್ತಕದ ಗುಡ್ಡೆ. ನಂಗೆ ಬಗ್ಗಾಕಾಗಲ್ಲ. ಬಲಗಡೆದಕ್ಕೆ ಇಟ್ರೆ ಎಡಗಡೆದಕ್ಕೂ ಇಟ್ಟಂಗೇ ಕಣ್ಲಾ. ಎಲ್ಡೂ ಒಂದೇ ಸೆಟ್ಟು ತಾನೆ?"

ಮೇಷ್ಟ್ರ ಧಾಟಿಯಲ್ಲಿ ಅವ್ವನಿಗೆ ಪಾಠ ಶುರುಮಾಡಿದೆ. "ನೋಡವ್ವ, ಆಯುಧಪೂಜೆ ಅಂದ್ರೆ ದುಡಿಮೆಯ ಸಾಮಾನಿಗೆ ಮಾಡೋದು. ಇದು ಆಯುಧ ಅಲ್ಲ. ಇದ್ರಿಂದ ನಂಗೇನೂ ಹುಟ್ಟಲ್ಲ."

ಅವ್ವ ಅವರೆಕಾಯಿಯ ಸಿಪ್ಪೆಯನ್ನು ಮೊರಕ್ಕೆ ಹಾಕಿ ನನ್ನ ಮುಖ ನೋಡಿದಳು.

"ಅದುಕ್ಕೇ ಕಣ್ಲಾ ಇಟ್ಟಿದ್ದು. ನಮ್ ಮನೇಲಿ ಇದ್ದುದ್ದೆಲ್ಲಾ ದುಡಿಯಾ ಸಾಮಾನೇಯ. ಬತ್ತಿ ಒಸ್ಯಾ ಮಣೆ, ನಿಮ್ಮಪ್ಪನ ಅಗ್ಗ, ಗೋಣಿಚೀಲ. ಸುಮ್ಕೆ ಕೂತ್ಕೊಂಡು ಕೇಳಾಕೆ ಅಂತ ಒಂದು ಸಾಮಾನು ನಮ್ಮನೆಗೆ ಬಂದದ್ದು ಇದೇ ಮೊದ್ಲು. ಇಂತದ್ಕೆ ಇಡ್ದೆ ಇನ್ಯಾತುಕ್ಕೆ ಇಡ್ಲಿ?"

ಆ ಸೆಟ್ಟಿನ ಬಗ್ಗೆ ನಾನು ಊರಿಗೆಲ್ಲ ಎಷ್ಟು ಹೇಳಿಕೊಂಡಿದ್ದೇನೆ, ಬೆಸುಗೆ, ಮರಳು, ಪ್ಲೈವುಡ್ಡು ಅಂತ. ಅದು ನಮ್ಮ ಮನೆಯಲ್ಲಿ ಎಂಥ ವಸ್ತು ಅನ್ನುವುದನ್ನು ಅವ್ವ ಹೇಳಿದ ಹಾಗೆ ನಾನು ಒಂದು ಸಲವೂ ಹೇಳಿರಲಿಲ್ಲ. ನನಗದು ಹೊಳೆದೇ ಇರಲಿಲ್ಲ.

"ಯಾಕ್ಲಾ, ಏನಾಯ್ತು ಅದುಕ್ಕೆ?" ಅಂದಳು.

"ಏನಿಲ್ಲ. ಈ ಕಡೆ ದನಿ ಸ್ವಲ್ಪ ಮಂಕಾಗಿದೆ."

"ಅಂಗಾದ್ರೆ ಒರೆಸ್ಬುಡು. ದೇವ್ರ ಮೈನೇ ದಿನಾ ತೊಳೀತೀವಿ, ಇದೇನ್ ಮಹಾ! ಬರೋ ವರ್ಸ ಮತ್ತೆ ಇಟ್ರಾಯ್ತು."

ಒದ್ದೆ ಹತ್ತಿ ತಂದೆ. ಟ್ವೀಟರಿನ ಮುಂದೆ ಮಂಡಿಯೂರಿ ಕೂತೆ. ನಾಳೆ ಬೆಳಿಗ್ಗೆ ಬರುವವನು ಇದೇ ಕಸುಬಿನವನು, ಕೂತ ಗಳಿಗೆಯಲ್ಲೇ ಕಂಡುಹಿಡಿಯುತ್ತಾನೆ. ಡಾಕ್ಟರು ಪಕ್ಕದಲ್ಲೇ ಇರುತ್ತಾರೆ. ಒರೆಸುವುದಕ್ಕೆ ಅಪ್ಪಣೆಯೂ ಸಿಕ್ಕಿದೆ. ಆದರೂ ಕೈ ಮುಂದಕ್ಕೆ ಹೋಗಲಿಲ್ಲ. ರೇಷ್ಮೆ ಹರಿದೀತು ಅನ್ನುವ ಭಯ ಒಂದು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಲೆಕ್ಕ ಅಡ್ಡ ಬಂತು. ಪರೀಕ್ಷೆಗೆ ಹೊರಗಿನವರು ಬರುತ್ತಾರೆ ಅಂದಾಗ ಹಿಂದಿನ ದಿನ ಲ್ಯಾಬಿನ ಉಪಕರಣಗಳನ್ನು ತಿದ್ದಿಡುವ ಮೇಷ್ಟ್ರುಗಳ ಜೊತೆ ನಾನು ಸರ್ವಿಸ್ ಪೂರ್ತಿ ಜಗಳವಾಡಿದವನು.

ಹತ್ತಿಯನ್ನು ಎಸೆದು ಪರದೆ ಹಾಕಿದೆ.

"ಅತ್ತೇನೇ ಒರೆಸು ಅಂದ್ರಲ್ರೀ, ಮತ್ತೇನು?" ಅಂದಳು ಹೆಂಡತಿ.

"ನಾನು ಅಲ್ಲಿ ಹೇಳ್ಕೊಂಡು ಬಂದಿದ್ದು ಈ ಸೆಟ್ಟಿನ ಬಗ್ಗೆ. ಒರೆಸಿದ ಸೆಟ್ಟನ್ನ ನಾನೇ ಕೇಳಿಲ್ಲ. ಅದ್ರ ಬಗ್ಗೆ ಹೆಂಗೆ ಹೇಳ್ಲಿ?"

"ಮರ್ಯಾದೆ ಹೋದ್ರೆ?"

"ಹೋದ್ರೆ, ಇದ್ದದ್ದನ್ನ ಇದ್ದ ಹಾಗೇ ಕೇಳ್ಸಿ ಹೋಗ್ಲಿ."

ಹಾಗೆ ಹೇಳಿದೆನೇ ಹೊರತು ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಡೀಲರು ಮೊದಲು ಪೆಟ್ಟಿಗೆಗಳ ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ತಟ್ಟಿದ. ತೆಂಗಿನಕಾಯಿ ತಟ್ಟಿ ಕಿವಿಗೊಡುವ ಹಾಗೆ ಕಿವಿಗೊಟ್ಟ. "ಮರಳು ತುಂಬಿದೀರಾ ಸಾರ್?" ಅಂದ. ಹೂಂ ಅಂದೆ. ತಲೆ ಆಡಿಸಿದ. ಆಮೇಲೆ ಕುರ್ಚಿ ನೋಡಿದ.

"ಓರೆ ಇದೆ ಸಾರ್ ಇದು. ನಡುವೆ ಎಳೀಲಾ?"

"ಬೇಡ. ಅಲ್ಲೇ ಕೂತ್ಕೊಳ್ಳಿ."

ಡಾಕ್ಟರು ದಿವಾನಿನ ಮೇಲೆ ಕೂತರು. ಕಾರಣವನ್ನು ನಾನು ಮೊದಲೇ ಹೇಳಲಿಲ್ಲ. ಹೇಳಿದರೆ ಕಿವಿ ಅದನ್ನೇ ಹುಡುಕುತ್ತದೆ. ಫ್ಯಾನು ಆರಿಸಿ ಸಿ.ಡಿ. ಹಾಕಿದೆ. ನಮ್ಮ ರಸ್ತೆ ಭಾನುವಾರ ಆ ಹೊತ್ತಿಗೆ ಶಾಂತವಾಗಿರುತ್ತದೆ. ದೂರದಲ್ಲಿ ಎಲ್ಲೋ ಸೊಪ್ಪಿನವಳು ಕೂಗುತ್ತಿದ್ದಳು, ಅವಳೂ ತಿರುವು ದಾಟಿದಳು. ಮೊದಲು ತಂಬೂರಿ ಬಂತು. ಅಗಲವಾಗಿ, ನೆಲದಿಂದ ಎದ್ದ ಹಾಗೆ. ಅದು ಕೋಣೆ ತುಂಬಿದ ಮೇಲೆ ದನಿ.

ಡೀಲರು ಕಣ್ಣು ಮುಚ್ಚಿದ. ಒಂದು ಸಲ ತಲೆಯನ್ನು ಎಡಕ್ಕೆ ವಾಲಿಸಿದ, ಒಂದು ಸಲ ಬಲಕ್ಕೆ. ಹುಬ್ಬು ಗಂಟಿಕ್ಕಿದ. ನಾನು ಅವನ ಹುಬ್ಬನ್ನೇ ನೋಡುತ್ತಿದ್ದೆ. ರಿಸಲ್ಟು ಅಂಟಿಸಿದ ಬೋರ್ಡಿನ ಮುಂದೆ ನನ್ನ ನಂಬರು ಹುಡುಕುತ್ತಾ ನಿಂತದ್ದು ನೆನಪಾಯಿತು.

ಆಲಾಪನೆ ಮುಗಿದಾಗ ಕಣ್ಣು ತೆರೆದ. "ಸಾರ್, ತಪ್ಪು ತಿಳ್ಕೋಬೇಡಿ. ಬಲಗಡೆ ಟ್ವೀಟರ್ ಹೋಗಿದೆ. ಪೂರ್ತಿ ಅಲ್ಲ, ಮಂಕಾಗಿದೆ."

ಡಾಕ್ಟರು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಅಯ್ಯೋ ಅನ್ನುವುದು ಕಾಣಿಸಿತು. ಅದು ನನಗೆ ಬೇಡವಾಗಿತ್ತು.

"ಆದ್ರೆ ಒಂದು ಗೊತ್ತಾಗ್ತಿಲ್ಲ," ಅಂದ ಡೀಲರು. "ಟ್ವೀಟರ್ ಮಂಕಾಗಿದ್ರೆ ದನಿ ಎಡಕ್ಕೆ ಹೋಗ್ಬೇಕು. ಇಲ್ಲಿ ನಡುವೇನೇ ಇದೆ. ಹೇಗೆ ಸಾರ್?"

ನಾನು ಎದ್ದು ಪರದೆ ತೆಗೆದೆ. ಇಬ್ಬರೂ ಬಗ್ಗಿ ನೋಡಿದರು. ಅವ್ವನ ಪೂಜೆಯಿಂದ ಹಿಡಿದು ನಾನು ಟೇಪು ಹಿಡಿದು ಅಳೆದದ್ದರವರೆಗೆ ಎಲ್ಲವನ್ನೂ ಹೇಳಿದೆ. ಹೇಳುವಾಗ ದನಿ ತಗ್ಗಿಸಲಿಲ್ಲ.

ಡೀಲರು ಕುರ್ಚಿಯಿಂದ ಎದ್ದು ನಡುವೆ ಹೋಗಿ ನಿಂತ. ಅಲ್ಲಿಂದ ಬಲಕ್ಕೆ, ಮತ್ತೆ ನಡುವೆ, ಮತ್ತೆ ಕುರ್ಚಿಗೆ. "ಈ ಜಾಗಾನ ಅಳತೆ ಮಾಡಿ ಇಟ್ರಾ ಸಾರ್?"

"ಇಲ್ಲ. ಕಿವಿ ಇಟ್ಟಿದ್ದು. ನಿನ್ನೆವರೆಗೂ ನಂಗೇ ಗೊತ್ತಿರಲಿಲ್ಲ."

"ನಾವು ಇದಕ್ಕೆ ಮೈಕು, ಲ್ಯಾಪ್‌ಟಾಪು ಇಟ್ಕೊಂಡು ಅರ್ಧ ದಿನ ಒದ್ದಾಡ್ತೀವಿ ಸಾರ್," ಅಂದ ಅವನು. ಅದನ್ನು ನನಗೆ ಹೇಳಿದ್ದಲ್ಲ, ಡಾಕ್ಟರ ಕಡೆ ತಿರುಗಿ ಹೇಳಿದ್ದು. ಅದಕ್ಕೇ ನಾನು ಅದನ್ನು ನಂಬಿದೆ.

ಡಾಕ್ಟರು ಅಡುಗೆಮನೆ ಬಾಗಿಲ ಕಡೆ ತಿರುಗಿದರು. "ಅಮ್ಮ, ಎಡಗಡೆದಕ್ಕೂ ಒಂದಿಷ್ಟು ಇಟ್ಬಿಡಿ. ನಮ್ಮ ಮೇಷ್ಟ್ರು ನೆಟ್ಟಗೆ ನಡುವೆ ಕೂತ್ಕೋಬಹುದು."

"ಆ ಪುಸ್ತಕ ಎತ್ತಿಸ್ರಿ ಸ್ವಾಮಿ," ಅಂದಳು ಅವ್ವ. "ಈಗ್ಲೇ ಇಡ್ತೀನಿ."

ಎಲ್ಲರೂ ನಕ್ಕೆವು. ಉಪ್ಪಿಟ್ಟು ಬಂತು. ತಿನ್ನುತ್ತಾ ಇದ್ದದ್ದನ್ನು ಇದ್ದ ಹಾಗೆ ಮಾತಾಡಿಕೊಂಡೆವು. ಆಳದ ಬಾಸು ಅವನ ಸೆಟ್ಟಿನದೇ ಮೇಲು, ಅದನ್ನು ನಾನೇ ಮೊದಲು ಹೇಳಿದೆ. ಪಿಟೀಲಿನ ಬಿಲ್ಲು ಬಿಡಿಸಿಕೊಂಡು ಕೇಳುವುದೂ ಅವನದರಲ್ಲೇ. ಮೃದಂಗದ ಎಡಭಾಗದ ಗುಮುಕಿನ ದಪ್ಪ ನಾದ ಮಾತ್ರ ನಮ್ಮ ಪೆಟ್ಟಿಗೆಯಲ್ಲಿ ತೊಗಲಿನ ಹಾಗೆ ಕೇಳುತ್ತದೆ, ಅವನದರಲ್ಲಿ ಡ್ರಮ್ಮಿನ ಹಾಗೆ ಗುದ್ದುತ್ತದೆ ಅಂತ ನಾನಂದೆ. ಅವನು ಸ್ವಲ್ಪ ಯೋಚಿಸಿ, ಅದಕ್ಕೆ ಹೋಟೆಲಿನ ಗೋಡೆಯೂ ಕಾರಣ ಇರಬಹುದು ಅಂದ. ಇರಬಹುದು ಅಂತ ನಾನೂ ಒಪ್ಪಿದೆ.

"ತಂಬೂರಿ?" ಅಂದರು ಡಾಕ್ಟರು, ಬಿಡದೆ.

"ತಂಬೂರಿ ಮೇಷ್ಟ್ರುದೇ ಸಾರ್," ಅಂದ ಅವನು. "ನಮ್ದನ್ನ ಎ.ಸಿ. ನುಂಗ್ಬಿಡ್ತು. ಬೇಕಾದ್ರೆ ಒಂದು ಜೊತೆ ಹೊಸ ಟ್ವೀಟರ್ ಕಳಿಸಿಕೊಡ್ತೀನಿ. ಈ ಕಿವಿಗೆ ಅದು ಸಿಕ್ಕಿದ್ರೆ ಇನ್ನೂ ಚೆನ್ನಾಗಿರುತ್ತೆ."

"ಕಳಿಸಿ," ಅಂದೆ. "ಎತ್ತಿಟ್ಟುಕೊಂಡಿರ್ತೀನಿ. ಇದು ಪೂರ್ತಿ ಕೈಕೊಟ್ಟ ದಿನ ಹಾಕ್ತೀನಿ."

ಅವನು ಗಡಿಯಾರ ನೋಡಿದ. ಬೆಂಗಳೂರು ರಸ್ತೆಯ ಟ್ರಾಫಿಕ್ಕು, ಹೊರಡಬೇಕು ಅಂದ. ಡಾಕ್ಟರು ಹೊರಡಲಿಲ್ಲ. ತಟ್ಟೆ ಕೆಳಗಿಟ್ಟು, ದಿವಾನಿನಿಂದ ಎದ್ದು, ಆ ಓರೆ ಕುರ್ಚಿಗೆ ಬಂದು ಕೂತರು. "ಒಂದ್ಸಲ ಮೊದಲಿಂದ ಹಾಕಿ ಮೇಷ್ಟ್ರೇ. ನಾನಿನ್ನೂ ಇಲ್ಲಿ ಕೂತು ಕೇಳಿಲ್ಲ."

ಹಾಕಿದೆ. ಹೊರಟಿದ್ದ ಡೀಲರೂ ಬ್ಯಾಗು ಕೆಳಗಿಟ್ಟು ದಿವಾನಿನ ತುದಿಯಲ್ಲಿ ಕೂತ. ತಂಬೂರಿ ಶುರುವಾಗಿ ದನಿ ಬರುವ ಮುಂಚೆ ಡಾಕ್ಟರು ಕಣ್ಣು ಮುಚ್ಚಿಕೊಂಡೇ, "ಬರೋ ಭಾನುವಾರಾನೂ ಇಲ್ಲೇ ಕೇಳೋಣ ಕಣ್ರೀ. ಒಂದು ಡಬ್ಬಿ ಕ್ಯಾಸೆಟ್ಟು ಇದೆ ಮನೇಲಿ, ತರ್ತೀನಿ," ಅಂದರು. ನಾನು ಆಗಲಿ ಅಂದೆ. ಅದನ್ನು ಸಾಮಾನ್ಯ ಮಾತಿನ ಹಾಗೆ ಹೇಳುವುದಕ್ಕೆ ಸ್ವಲ್ಪ ಕಷ್ಟಪಟ್ಟೆ.

ನನ್ನ ಕುರ್ಚಿ ನನಗೆ ಉಳಿದಿರಲಿಲ್ಲ. ಅಡುಗೆಮನೆ ಬಾಗಿಲಿಗೆ, ಅವ್ವನ ಮಣೆಯ ಪಕ್ಕ ಒರಗಿ ನಿಂತೆ. ಒಂಟಿಕೊಪ್ಪಲಿನ ಹಜಾರದವರು ನನ್ನ ಕುರ್ಚಿಯಲ್ಲಿ ಕೂತು ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ದೊಡ್ಡ ದೊಡ್ಡ ಸೆಟ್ಟು ಮಾರುವವನು ಊರಿಗೆ ಹೊರಟದ್ದನ್ನು ಮರೆತು ಕೂತಿದ್ದ. ನನ್ನ ಹೆಂಡತಿ ಕಾಫಿ ಲೋಟಗಳನ್ನು ಹಿಡಿದು ಬಂದವಳು ಸದ್ದಾದೀತು ಅಂತ ಅಲ್ಲೇ ನಿಂತುಬಿಟ್ಟಿದ್ದಳು. ಅವ್ವ ನನ್ನ ಪಂಚೆಯ ತುದಿ ಹಿಡಿದು ಎಳೆದು, "ನೀನೂ ಕೂತ್ಕೊಂಡು ಕೇಳ್ಲಾ," ಅಂತ ಪಿಸುಗುಟ್ಟಿದಳು.

"ನಾನು ದಿನಾ ಕೇಳ್ತೀನಲ್ಲವ್ವ," ಅಂದೆ.

ಆ ಹೊತ್ತು ನಾನು ಸಂಗೀತ ಕೇಳಲಿಲ್ಲ. ಕೇಳುವವರನ್ನು ನೋಡುತ್ತಾ ನಿಂತಿದ್ದೆ.